ನಾಲ್ಕು ಚಕ್ರದ ವರ

ಓಬಳೇಶನ ಜೀಪಿಗೆ ಆ ಶುಕ್ರವಾರ ಬೆಳಿಗ್ಗೆ ಯಾವ ರೋಗವೂ ಇರಲಿಲ್ಲ. ತನ್ನ ವಯಸ್ಸಿಗೆ ತಕ್ಕಂತೆ ಒಂದಿಷ್ಟು ಕೆಮ್ಮಿ, ಹೊಗೆ ಬಿಟ್ಟು, ಸ್ಟಾರ್ಟ್ ಆಗಿ ಮನೆಯ ಮುಂದೆ ನಿಂತಿತ್ತು. ಹಾಗೇ ಹೊರಟುಬಿಟ್ಟಿದ್ದರೆ ಎಲ್ಲರೂ ನೆಮ್ಮದಿಯಾಗಿ ಮೊಳಕಾಲ್ಮುರು ಸೇರುತ್ತಿದ್ದರು. ಆದರೆ ಹೆಣ್ಣು ನೋಡಲು ಹೊರಟ ಗಾಡಿಗೆ ಕಾಯಿ ಒಡೆಯದೆ ಕಳಿಸುವ ತಾಯಿ ಚಳ್ಳಕೆರೆಯಲ್ಲಿ ಇನ್ನೂ ಹುಟ್ಟಬೇಕು. ಓಬಳೇಶನ ಅವ್ವ ಯರ್ರಮ್ಮ ಇಂಜಿನ್ ಆಫ್ ಮಾಡಿಸಿ, ಬಾನೆಟ್ ಎತ್ತಿಸಿ, ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದಳು. ಕಾಯಿಯ ನೀರನ್ನು ಉಳಿದವರೆಲ್ಲ ಚಕ್ರಕ್ಕೆ ಹಾಕುತ್ತಾರೆ. ಯರ್ರಮ್ಮನಿಗೆ ಅದು ಸರಿ ಕಾಣಲಿಲ್ಲ.

“ಚಕ್ರಕ್ಕೆ ಹಾಕಿದ್ರೆ ಮಣ್ಣಿಗೆ ಹೋಗ್ತೈತೆ. ಜೀವ ಇರೋದು ಇಲ್ಲಿ ಅಲ್ವೇನೋ,” ಎಂದು ಒಂದು ಹನಿಯೂ ಆಚೆ ಚೆಲ್ಲದಂತೆ ಇಂಜಿನ್ನಿನ ನೆತ್ತಿಗೇ ಸುರಿದು ಕೈಮುಗಿದಳು.

ಓಬಳೇಶ ಬಾನೆಟ್ ಮುಚ್ಚಿ, ಹತ್ತಿ ಕುಳಿತು, ಕೀಲಿ ತಿರುಗಿಸಿದ. ಗರ ಗರ ಗರ ಎಂದಿತು. ಇನ್ನೊಮ್ಮೆ ತಿರುಗಿಸಿದ. ಮತ್ತೆ ಗರ ಗರ. ಇಂಜಿನ್ ಉತ್ಸಾಹದಿಂದ ಸುತ್ತುತ್ತಿತ್ತು, ಆದರೆ ಹೊತ್ತಿಕೊಳ್ಳುತ್ತಿರಲಿಲ್ಲ. ಪೂರ್ತಿ ಸತ್ತಿದ್ದರೆ ಬಿಟ್ಟು ಎದ್ದು ಹೋಗಬಹುದಿತ್ತು. ಹೀಗೆ ಇನ್ನೇನು ಆಗಿಯೇಬಿಟ್ಟೆ ಎಂದು ಆಸೆ ತೋರಿಸುತ್ತಾ ಕೈಕೊಡುವ ಗಾಡಿಯಷ್ಟು ಮನುಷ್ಯನನ್ನು ಸತಾಯಿಸುವ ವಸ್ತು ಇನ್ನೊಂದಿಲ್ಲ.

ಈ ಜೀಪು ಓಬಳೇಶನಿಗೆ ಯಾಕೆ ಬೇಕಿತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವನು ಶೇಂಗಾ ಮಂಡಿಯಲ್ಲಿ ತೂಕ ಹಾಕುವವ. ಮೂವತ್ತು ದಾಟಿದ್ದ. ಒಳ್ಳೆಯ ಹುಡುಗ, ಕುಡಿಯುವುದಿಲ್ಲ, ತೂಕದಲ್ಲಿ ಮೋಸವಿಲ್ಲ ಎಂದು ಮಂಡಿಯವರೆಲ್ಲ ಹೇಳುತ್ತಿದ್ದರು. ಆದರೆ ಮಂಡಿಯವರು ಹೆಣ್ಣು ಕೊಡುವುದಿಲ್ಲವಲ್ಲ. ಹೆಣ್ಣು ಕೊಡುವವರು ಹೋದಲ್ಲೆಲ್ಲ ಕೇಳುತ್ತಿದ್ದದ್ದು ಒಂದೇ, ಹುಡುಗನಿಗೆ ಗಾಡಿ ಐತಾ ಎಂದು. ಬೈಕು ಎಂದರೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ರೋಸಿಹೋದ ಓಬಳೇಶ ಬಳ್ಳಾರಿಯ ದಲ್ಲಾಳಿಯೊಬ್ಬನಿಂದ, ಹೊಸದಾಗಿ ಬಿಳಿ ಬಣ್ಣ ಬಳಿಸಿಕೊಂಡು ನಿಂತಿದ್ದ ಈ ಹಳೆಯ ಪೆಟ್ರೋಲ್ ಜೀಪನ್ನು ತಂದು ಮನೆ ಮುಂದೆ ಕಟ್ಟಿಕೊಂಡ.

ತಂದ ಮೇಲೆ ಎದುರು ಮನೆಯ ಗಂಗಾಂಬಿಕಾ ಚುರುಕಾದಳು. ಬೀದಿಯ ಅರ್ಧದಷ್ಟು ಮದುವೆಗಳನ್ನು ಕುದುರಿಸಿದವಳು ಆಕೆ. ಮೊಳಕಾಲ್ಮುರಿನ ಬೋರಯ್ಯನ ಮಗಳು ಸೌಂದರ್ಯಳ ಸಂಬಂಧ ಹುಡುಕಿ, ಹುಡುಗನಿಗೆ ನಾಲ್ಕು ಚಕ್ರದ ದೊಡ್ಡ ಗಾಡಿ ಐತೆ ಎಂದು ಫೋನಿನಲ್ಲಿ ಗಟ್ಟಿಯಾಗಿ ಹೇಳಿದ್ದಳು. ಬೋರಯ್ಯನ ಮನೆಯಲ್ಲಿ ರೇಷ್ಮೆ ಮಗ್ಗಗಳಿದ್ದವು. ಸೌಂದರ್ಯ ಸೀರೆಯ ಅಂಚಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತಿದ್ದಳು. ಓಬಳೇಶ ಅವಳ ಜೊತೆ ಒಂದೆರಡು ಸಲ ಫೋನಿನಲ್ಲಿ ಮಾತಾಡಿದ್ದ. ಶೇಂಗಾ ತೂಕದ ಬಗ್ಗೆ ಅವನು ಹೇಳಿದ ಸಪ್ಪೆ ಮಾತಿಗೂ ಅವಳು ನಕ್ಕಿದ್ದಳು. ಆವತ್ತಿನಿಂದ ಅವನಿಗೆ ಬೇರೆ ಯಾವ ಹುಡುಗಿಯೂ ಬೇಡವಾಗಿತ್ತು. ಇದೊಂದು ಸಂಬಂಧ ತಪ್ಪಿದರೆ ತಾನು ಜನ್ಮವಿಡೀ ತಕ್ಕಡಿ ನೋಡಿಕೊಂಡೇ ಇರಬೇಕು ಎಂದು ಅವನು ನಿಜಕ್ಕೂ ಹೆದರಿದ್ದ.

ಅಂಥ ದಿನ ಜೀಪು ಗರ ಗರ ಎನ್ನುತ್ತಿತ್ತು.

ಬಸ್ಸಿಗೆ ಹೋಗಿಬಿಡೋಣ ಎಂದು ಓಬಳೇಶ ಮೆಲ್ಲಗೆ ಹೇಳಿದ. ಗಂಗಾಂಬಿಕಾ ಅವನನ್ನು ನುಂಗುವಂತೆ ನೋಡಿದಳು. “ಗಾಡಿ ಐತೆ ಅಂತ ಹೇಳಿ ಬಸ್ಸಿಂದ ಇಳಿದ್ರೆ ನನ್ನ ಮುಖ ಎಲ್ಲಿಡ್ಲಿ? ಬಂದ್ರೆ ಗಾಡೀಲೇ ಬರ್ಬೇಕು. ಇಲ್ಲಾಂದ್ರೆ ಬರಲೇಬ್ಯಾಡ.”

ಅಷ್ಟು ಹೊತ್ತಿಗೆ ಬೀದಿ ಎದ್ದು ಬಂದಿತ್ತು. ಚಳ್ಳಕೆರೆಯಲ್ಲಿ ಮನುಷ್ಯ ಬಿದ್ದರೆ ನಾಲ್ಕು ಜನ ಸೇರುತ್ತಾರೆ, ಗಾಡಿ ನಿಂತರೆ ನಲವತ್ತು ಜನ. ನಿವೃತ್ತ ಬಸ್ ಡ್ರೈವರೊಬ್ಬರು ಕಣ್ಣು ಮುಚ್ಚಿ ಸದ್ದು ಕೇಳಿ, ಪೆಟ್ರೋಲ್ ಬರುತ್ತಿಲ್ಲ ಎಂದು ತೀರ್ಪು ಕೊಟ್ಟರು. ಆ ತೀರ್ಪಿನ ಬಲದಿಂದ ಪಕ್ಕದ ಮನೆಯವನು ಪೆಟ್ರೋಲ್ ಪೈಪು ಕಳಚಿ ಬಾಯಲ್ಲಿ ಎಳೆದ. ಪೆಟ್ರೋಲ್ ಚೆನ್ನಾಗಿಯೇ ಬಂದು ಅವನ ಹೊಟ್ಟೆ ಸೇರಿತು. ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಬೇಕಾಯಿತು. ಸಮಾಧಾನದ ಸಂಗತಿ ಎಂದರೆ ಆಟೋ ಸ್ಟಾರ್ಟ್ ಆಯಿತು.

ಇನ್ನೊಬ್ಬ ಮೊಬೈಲಿನಲ್ಲಿ ವಿಡಿಯೋ ಹಾಕಿದ. ಅದರಲ್ಲಿ ಒಬ್ಬ ಹಿಂದಿಯಲ್ಲಿ ಏನೇನೋ ವಿವರಿಸುತ್ತಿದ್ದ, ಆದರೆ ತೋರಿಸುತ್ತಿದ್ದದ್ದು ಟ್ರಾಕ್ಟರು. ಬ್ಯಾಟರಿ ಹೋಗಿದೆ ಎಂದು ಒಬ್ಬ, ಬ್ಯಾಟರಿ ಹೋಗಿದ್ದರೆ ಇಷ್ಟು ಜೋರಾಗಿ ಹೇಗೆ ಸುತ್ತುತ್ತದೆ ಎಂದು ಇನ್ನೊಬ್ಬ. ಇಬ್ಬರೂ ಹಳೆಯ ಯಾವುದೋ ಸೈಟಿನ ಜಗಳವನ್ನು ಇಲ್ಲಿಗೆ ತಂದು ತೋಳೇರಿಸಿದರು. ದೃಷ್ಟಿಯಾಗಿದೆ ಎಂದು ಹೆಂಗಸರು ಹೇಳಿದರು. ಎಲ್ಲರೂ ಒಪ್ಪಿದ್ದು ಒಂದೇ ಮಾತನ್ನು, ಇನ್ನೊಂದು ಸಲ ಹೊಡಿ ಎಂಬುದನ್ನು. ಓಬಳೇಶ ಹೊಡೆದ, ಹೊಡೆದ, ಹೊಡೆಯುತ್ತಲೇ ಇದ್ದ. ಜೊತೆಗೆ ಬೆನ್ನು ತಟ್ಟಿ ಧೈರ್ಯ ಹೇಳಿದವರ ಕೈಗಳಲ್ಲಿದ್ದ ಗ್ರೀಸೆಲ್ಲ ಅವನ ಹೊಸ ಬಿಳಿ ಅಂಗಿಯ ಮೇಲೆ ಒಂದೊಂದಾಗಿ ಅಚ್ಚಾಯಿತು.

ಕೊನೆಗೆ ಜೀಪನ್ನು ತಳ್ಳಿಕೊಂಡು ಇಫ್ತಿಕಾರನ ಗ್ಯಾರೇಜಿಗೆ ಒಯ್ದರು. ಇಫ್ತಿಕಾರ್ ಸ್ನಾನ ಮಾಡಿ, ಇಸ್ತ್ರಿಯ ಜುಬ್ಬ ತೊಟ್ಟು, ಜುಮ್ಮಾ ನಮಾಜಿಗೆ ಹೊರಡಲು ಅರ್ಧ ಷಟರ್ ಇಳಿಸಿದ್ದ. ನಲವತ್ತು ಜನ ಒಂದು ಜೀಪನ್ನು ತಳ್ಳಿಕೊಂಡು ಬರುವುದನ್ನು ಕಂಡು ಅವನು ಉಳಿದರ್ಧವನ್ನೂ ಇಳಿಸಲು ನೋಡಿದ. ಯರ್ರಮ್ಮ ಷಟರಿನ ಅಡಿಗೆ ಕಾಲಿಟ್ಟಳು. ಮಗನ ಮದುವೆ, ಹುಡುಗಿಯ ಮನೆಯವರು ಕಾಯುತ್ತಿರುವುದು, ತನ್ನ ಮೊಣಕಾಲಿನ ನೋವು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಇಫ್ತಿಕಾರ್ ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು, ಜುಬ್ಬದ ತೋಳು ಮಡಚಿದ.

ಅವನು ಮೊದಲು ಎಲ್ಲರ ಬಾಯಿ ಮುಚ್ಚಿಸಿದ. ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಒಮ್ಮೆ ಕೀಲಿ ತಿರುಗಿಸಲು ಹೇಳಿದ. ಸುತ್ತುತ್ತಿದೆ, ಹಾಗಾದರೆ ಬ್ಯಾಟರಿಯ ತಪ್ಪಲ್ಲ. ಪ್ಲಗ್ ಬಿಚ್ಚಿ ಮೂಸಿ ನೋಡಿದ. ಪೆಟ್ರೋಲ್ ವಾಸನೆ ಇದೆ, ಹಾಗಾದರೆ ಪೆಟ್ರೋಲಿನ ತಪ್ಪೂ ಅಲ್ಲ. ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಕಬ್ಬಿಣಕ್ಕೆ ತಾಗಿಸಿಟ್ಟು ಇನ್ನೊಮ್ಮೆ ತಿರುಗಿಸಲು ಹೇಳಿದ. ಕಿಡಿ ಹಾರಲಿಲ್ಲ. ಎಲ್ಲ ಪ್ಲಗ್ಗುಗಳಿಗೂ ಕಿಡಿ ಹಂಚುವ ಡಬ್ಬಿಯೊಂದು ಇಂಜಿನ್ನಿನ ಪಕ್ಕದಲ್ಲಿರುತ್ತದೆ. ಅದರ ಮುಚ್ಚಳ ತೆಗೆದ. ಒಳಗೆ ನೀರು ನಿಂತಿತ್ತು. ಮೇಲೆ ಒಂದು ಚಿಟಿಕೆ ಕುಂಕುಮ ತೇಲುತ್ತಿತ್ತು. ಇಫ್ತಿಕಾರ್ ಬೆರಳು ಅದ್ದಿ ನಾಲಿಗೆಗೆ ಹಚ್ಚಿದ.

“ಸಿಹಿ ಐತೆ,” ಎಂದ. ಯರ್ರಮ್ಮನ ಕಡೆ ತಿರುಗಿ, “ಅಮ್ಮಾ, ಗಾಡಿಗೆ ಏನು ಕುಡಿಸಿದ್ರಿ?”

“ಕಾಯಿ ನೀರು ಕಣಪ್ಪ. ಒಳ್ಳೇದಾಗ್ಲಿ ಅಂತ.”

“ಇಲ್ಲಿ ಕಿಡಿ ಹುಟ್ಬೇಕಮ್ಮಾ. ನೀವು ಬೆಂಕಿಗೆ ನೀರು ಹಾಕೀರಿ.”

ನಲವತ್ತು ಜನ ಒಟ್ಟಿಗೆ, ನಾನು ಆಗಲೇ ಹೇಳಿರಲಿಲ್ಲವಾ ಎಂದರು. ಯಾರೂ ಹೇಳಿರಲಿಲ್ಲ. ಇಫ್ತಿಕಾರ್ ಡಬ್ಬಿಯನ್ನು ಒರೆಸಿ, ಒಣಗಿಸಿ, ಮುಚ್ಚಳ ಹಾಕಿದ. ಕೀಲಿ ತಿರುಗಿಸಿದೊಡನೆ ಜೀಪು ಹೂಂಕರಿಸಿ ಎದ್ದಿತು. ಓಬಳೇಶನಿಗೆ ಅಳು ಬಂದಂತಾಯಿತು. ಇಂಜಿನ್ ಆಫ್ ಮಾಡಿ, ಅಂಗಿಯ ಬೆನ್ನನ್ನು ಸ್ವಲ್ಪವಾದರೂ ತೊಳೆದುಕೊಳ್ಳೋಣವೆಂದು ಗ್ಯಾರೇಜಿನ ಹಿಂದಿನ ನಲ್ಲಿಯ ಹತ್ತಿರ ಹೋದ. ಇಫ್ತಿಕಾರನೂ ಕೈ ತೊಳೆಯಲು ಅಲ್ಲಿಗೇ ಬಂದ. ಅವರಿಬ್ಬರೂ ಅತ್ತ ಹೋದದ್ದೇ ತಪ್ಪಾಯಿತು.

ತಿರುಗಿ ಬಂದು ಓಬಳೇಶ ಕೀಲಿ ತಿರುಗಿಸಿದ. ಗರ ಗರ ಗರ.

ಬಾನೆಟ್ ಎತ್ತಿದರೆ ಹೊಸ ಕುಂಕುಮ, ಹೊಸ ಊದುಬತ್ತಿ. ಕೆಳಗೆ ಎರಡು ಹೋಳು ಕಾಯಿ. ಬೀದಿಯ ಅಷ್ಟೂ ಜನರ ಕಣ್ಣು ಬಿದ್ದಿದೆ, ಎದ್ದು ಕೂತ ಗಾಡಿಗೆ ದೃಷ್ಟಿ ತೆಗೆಯದೆ ಹೊರಡುವುದುಂಟೇ ಎಂದು ಗಂಗಾಂಬಿಕಾ ಹೇಳಿದ್ದಳಂತೆ. ಹುಡುಗಿಯ ಮನೆಯ ತಟ್ಟೆಗೆಂದು ತಂದಿದ್ದ ಕಾಯಿಯನ್ನು ಯರ್ರಮ್ಮ ಒಡೆದಿದ್ದಳು.

“ಡಬ್ಬಿಗೆ ಹಾಕ್ಲಿಲ್ಲಪ್ಪ,” ಎಂದಳು ಯರ್ರಮ್ಮ. “ಅದರ ಮೇಲೆ ಹಿಂಗೆ ಹಿಂಗೆ ಚಿಮುಕಿಸ್ದೆ ಅಷ್ಟೆ.”

ಓಬಳೇಶ ಸ್ಟಿಯರಿಂಗಿಗೆ ಹಣೆ ಹಚ್ಚಿ ಕುಳಿತ. ಹೆತ್ತ ತಾಯಿಯನ್ನು ಬಯ್ಯುವಂತಿಲ್ಲ, ಸಂಬಂಧ ತಂದ ಗಂಗಾಂಬಿಕಾಳನ್ನು ಅಂತೂ ಬಯ್ಯುವಂತೆಯೇ ಇಲ್ಲ. ಇಫ್ತಿಕಾರ್ ಮತ್ತೆ ಮುಚ್ಚಳ ತೆಗೆದ. ಮತ್ತೆ ಒರೆಸಿದ, ಒಣಗಿಸಿದ. ಗಾಡಿ ಎದ್ದ ಮೇಲೆ ಯರ್ರಮ್ಮನ ಮುಂದೆ ಬಂದು ನಿಂತ.

“ಇನ್ನೊಂದು ಕಾಯಿ ಐತಾ ಅಮ್ಮಾ?”

“ಇಲ್ಲಪ್ಪ, ಮುಗಿದ್ವು.”

“ಅಲ್ಹಮ್ದುಲಿಲ್ಲಾ,” ಎಂದು ಇಫ್ತಿಕಾರ್ ಷಟರ್ ಎಳೆದು ಮಸೀದಿಯ ಕಡೆ ಓಡಿದ.

ದಾರಿಯುದ್ದಕ್ಕೂ ಓಬಳೇಶ ಸಿಟ್ಟಿನಲ್ಲಿ ಜೀಪನ್ನು ಎಲ್ಲೂ ನಿಲ್ಲಿಸಲಿಲ್ಲ. ಗಂಗಾಂಬಿಕಾ ನೀರು ಕುಡಿಯಬೇಕು ಎಂದಳು, ನಿಲ್ಲಿಸಲಿಲ್ಲ. ಮೊಳಕಾಲ್ಮುರಿಗೆ ಮುಂಚೆ ಸಿಗುವ ಹಾನಗಲ್ ಹತ್ತಿರ ಗುಡಿಯೊಂದು ಕಂಡು ಅವ್ವ ಕೈಮುಗಿದಾಗ ಇನ್ನೂ ಜೋರಾಗಿ ಓಡಿಸಿದ. ಜೀಪು ಆಶ್ಚರ್ಯವೆನ್ನುವಷ್ಟು ಚೆನ್ನಾಗಿ ಓಡಿತು. ಗುಡ್ಡಗಳ ನಡುವೆ ಮೊಳಕಾಲ್ಮುರು ಕಾಣುವ ಹೊತ್ತಿಗೆ ಅವನ ಸಿಟ್ಟೂ ಇಳಿದಿತ್ತು. ಎಷ್ಟಾದರೂ ಗಾಡಿಯಲ್ಲೇ ಬಂದೆವಲ್ಲ, ಇನ್ನೇನು ಎಂದುಕೊಂಡ.

ಬೋರಯ್ಯನ ಮನೆ ಇಳಿಜಾರಿನ ಸಣ್ಣ ಬೀದಿಯಲ್ಲಿತ್ತು. ಒಳಗೆ ಮಗ್ಗಗಳ ಸದ್ದು. ಜೀಪು ನಿಂತದ್ದೇ ಬಾಗಿಲಿನಿಂದ ಹೆಂಗಸರು ಆರತಿ ತಟ್ಟೆ ಹಿಡಿದು ಬಂದರು. ಹುಡುಗನಿಗೆ ಆರತಿ ಬೆಳಗಿದರು. ಅವನ ಬೆನ್ನನ್ನು ಯಾರೂ ನೋಡದಂತೆ ಗಂಗಾಂಬಿಕಾ ಹಿಂದೆಯೇ ಅಂಟಿಕೊಂಡು ನಿಂತಿದ್ದಳು. ಆರತಿಯಾದ ಮೇಲೆ ತಟ್ಟೆಯ ಕೆಂಪು ನೀರನ್ನು ಎಲ್ಲಾದರೂ ಚೆಲ್ಲಬೇಕಲ್ಲ. ತಟ್ಟೆ ಹಿಡಿದಿದ್ದಾಕೆ ಗಾಡಿಗೂ ಆಗಲಿ ಎಂದು ಜೀಪಿನ ಮುಖದ ಜಾಲರಿಯೊಳಕ್ಕೆ ಬೀಸಿ ಎರಚಿಬಿಟ್ಟಳು. ಓಬಳೇಶ ಬಾಯಿ ತೆರೆದ. ಆರತಿ ಬೇಡ ಎಂದು ಹುಡುಗ ಹೇಳುವುದುಂಟೇ? ಹಾಗೇ ಮುಚ್ಚಿದ. ಈಗ ಹೇಗೂ ತಕ್ಷಣ ಹೊರಡುವುದಿಲ್ಲ, ಅಷ್ಟರಲ್ಲಿ ಒಣಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಒಳಗೆ ಹೋದ.

ಒಳಗೆ ಎಲ್ಲವೂ ಬೆಣ್ಣೆಯಂತೆ ಸಾಗಿತು. ಬೋರಯ್ಯ ಹೆಚ್ಚು ಮಾತಿನವನಲ್ಲ. ಹಿಂದೆ ಒಂದಷ್ಟು ಕಾಲ ರಾಂಪುರದ ಕಡೆಗೆ ಬಾಡಿಗೆಗೆ ಜನರನ್ನು ಸಾಗಿಸುವ ಗಾಡಿ ಇಟ್ಟಿದ್ದನಂತೆ, ಈಗ ಮಗ್ಗ ಬಿಟ್ಟರೆ ಬೇರೆ ಕಸುಬಿಲ್ಲ. ಓಬಳೇಶ ತಗ್ಗಿಸಿದ ತಲೆ ಎತ್ತದೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟದ್ದು ಅವನಿಗೆ ಹಿಡಿಸಿತು. ಬೋರಯ್ಯನ ಹೆಂಡತಿ ಹೊನ್ನಕ್ಕ ಅಡುಗೆಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಾ ಅಲ್ಲಿಂದಲೇ ಹುಡುಗನನ್ನು ನೋಡಿ ತಲೆಯಾಡಿಸಿದಳು. ಸೌಂದರ್ಯ ಕಾಫಿ ಕೊಡಲು ಬಂದು, ಅವನು ಗೋಡೆಗೆ ಬೆನ್ನು ಒತ್ತಿ ಕುಳಿತಿರುವುದನ್ನು ಕಂಡು, ಮೆಲ್ಲಗೆ ಕೇಳಿದಳು. “ಬೆನ್ನಿಗೆ ಏನು ಮಾಡ್ಕೊಂಡ್ರಿ?”

“ಬೀದಿ ಜನರೆಲ್ಲಾ ಆಶೀರ್ವಾದ ಮಾಡಿದ್ರು,” ಎಂದ ಓಬಳೇಶ.

ಅವಳು ನಕ್ಕಳು. ಫೋನಿನಲ್ಲಿ ಕೇಳಿದ್ದಕ್ಕಿಂತ ಆ ನಗು ಚೆನ್ನಾಗಿತ್ತು. ಬೋರಯ್ಯ ಹೆಂಡತಿಯ ಕಡೆ ನೋಡಿದ, ಹೆಂಡತಿ ಮಗಳ ಕಡೆ ನೋಡಿದಳು, ಮಗಳು ನೆಲ ನೋಡಿದಳು. ಅಲ್ಲಿಗೆ ಮುಗಿದಂತೆಯೇ. ಗಂಗಾಂಬಿಕಾ ತಾಂಬೂಲದ ತಟ್ಟೆಗೆ ಕೈ ಚಾಚಿದಳು.

ಆಗಲೇ ಹೊರಗೆ ಟ್ರಾಕ್ಟರಿನ ಹಾರನ್ ಕೇಳಿಸಿದ್ದು. ಬೀದಿ ಸಣ್ಣದು, ಜೀಪು ಅಡ್ಡ ನಿಂತಿತ್ತು. ಒಂದು ನಿಮಿಷ ಎಂದು ಓಬಳೇಶ ಎದ್ದು ಹೊರಗೆ ಹೋದ. ಹೋಗುವಾಗ ಅವನ ಹೆಜ್ಜೆಯಲ್ಲೂ ಅಳಿಯನ ಗತ್ತು ಬಂದಿತ್ತು. ಹತ್ತಿ ಕುಳಿತು ಕೀಲಿ ತಿರುಗಿಸಿದ.

ಗರ ಗರ ಗರ. ಸ್ವಲ್ಪ ನಿಂತು, ಕಂಠ ಕಟ್ಟಿದವರಂತೆ ಗೊರಕ್ ಎಂದು, ಮತ್ತೆ ಗರ ಗರ ಗರ.

ಅಡುಗೆಮನೆಯಲ್ಲಿ ಹೊನ್ನಕ್ಕನ ಕೈ ಬಾಣಲೆಯ ಮೇಲೇ ನಿಂತಿತು. ಸೌಟು ಹಿಡಿದುಕೊಂಡೇ ನಡುಮನೆ ದಾಟಿ ಬಾಗಿಲಿಗೆ ಬಂದಳು. ಬೋರಯ್ಯನೂ ಎದ್ದ. ಮಗ್ಗದ ಸದ್ದು ನಿಂತಿತ್ತು. ಹೊನ್ನಕ್ಕ ಮೆಟ್ಟಿಲಿಳಿದು ಜೀಪಿನ ಸುತ್ತ ಒಂದು ಸುತ್ತು ಬಂದಳು. ಹಿಂದಿನ ಎಡ ಮೂಲೆಯಲ್ಲಿ ತಗಡು ಒಳಕ್ಕೆ ತಗ್ಗಾದ ಒಂದು ಜಾಗವಿತ್ತು. ಅಲ್ಲಿ ಅಂಗೈ ಇಟ್ಟು ನೋಡಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಅದೇ ಬಂಡಿ,” ಎಂದ ಬೋರಯ್ಯ. ಅವನ ದನಿಯಲ್ಲಿ ಜೀವವಿರಲಿಲ್ಲ.

“ಬಣ್ಣ ಬಳಿದ್ರೆ ದನಿ ಬದಲಾಗ್ತೈತಾ?” ಎಂದಳು ಹೊನ್ನಕ್ಕ. ಓಬಳೇಶನ ಕಡೆ ತಿರುಗಿದಳು. ಅವಳಿಗೆ ಸಿಟ್ಟಿರಲಿಲ್ಲ, ಅದೇ ಇನ್ನೂ ಹೆದರಿಸುವಂತಿತ್ತು. “ಈ ಗಾಡಿ ನಮ್ಮನೇಲಿತ್ತಪ್ಪಾ. ಇವರು ಸ್ಟಿಯರಿಂಗ್ ಹಿಡಿಯೋರು, ನಾನು ತಳ್ಳೋಳು. ರಾಂಪುರದ ಸಂತೇಲಿ ತಳ್ಳೀನಿ, ಹಾನಗಲ್ ರೋಡಲ್ಲಿ ತಳ್ಳೀನಿ. ಸೌಂದರ್ಯ ಹೊಟ್ಟೇಲಿದ್ದಾಗ, ಹೆರಿಗೆ ನೋವು ಬಂದಾಗ, ಆಸ್ಪತ್ರೆಗೆ ಹೋಗೋಕೆ ನಾನೇ ತಳ್ಳೀನಿ.”

ಟ್ರಾಕ್ಟರಿನವನು ಹಾರನ್ ನಿಲ್ಲಿಸಿದ.

“ಬಳ್ಳಾರಿ ದಲ್ಲಾಳಿ ಕೈಗೆ ಕೊಟ್ಟು, ಇದನ್ನ ಕೊಳ್ಳೋ ಅಂಥ ದಡ್ಡ ಸಿಗಲಿ ಅಂತ ಬಾಳ ದಿನ ಕಾದ್ವಿ,” ಎಂದು ಹೊನ್ನಕ್ಕ ಮುಂದುವರಿಸಿದಳು. “ಸಿಕ್ಕ ದಿನ ಹೋಳಿಗೆ ಮಾಡಿದ್ವಿ. ಅಂಥೋನ ಕೈಗೇ ಈಗ ಮಗಳನ್ನ ಕೊಡು ಅಂದ್ರೆ ಹೆಂಗಪ್ಪಾ ಕೊಡ್ಲಿ? ನಾನು ತಳ್ಳಿದ್ದು ಸಾಕು.”

ಗಂಗಾಂಬಿಕಾ ನಡುವೆ ನುಗ್ಗಿ, ಹುಡುಗ ಜೀಪನ್ನು ನಾಳೆಯೇ ಮಾರುತ್ತಾನೆ ಎಂದಳು. ಯಾರಿಗೆ ಎಂದು ಹೊನ್ನಕ್ಕ ಕೇಳಿದಳು. ಗುಜರಿಗೆ ಹಾಕುತ್ತೇನೆ ಎಂದು ಓಬಳೇಶನೇ ಹೇಳಿದ. ಬೋರಯ್ಯ ಅವನನ್ನು ಕರುಣೆಯಿಂದ ನೋಡಿದ. ತಾನೂ ಹಾಗೇ ಹೇಳುತ್ತಾ ವರ್ಷಗಟ್ಟಲೆ ಕಳೆದದ್ದು, ಒಂದು ಸಲ ಸರಿಯಾಗಿ ಓಡಿದರೆ ಸಾಕು ಮತ್ತೆ ಮನಸ್ಸು ಕರಗುತ್ತಿದ್ದದ್ದು, ಆ ರೋಗಕ್ಕೆ ಮದ್ದಿಲ್ಲದ್ದು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದ. ಹಾನಗಲ್ ದಾಟಿದ ಮೇಲೆ ತಾನೂ ಜೀಪಿನ ಮೇಲೆ ಮನಸ್ಸು ಕರಗಿಸಿಕೊಂಡಿದ್ದ ಓಬಳೇಶನಿಗೆ ತಲೆ ಎತ್ತಲಾಗಲಿಲ್ಲ.

“ಹುಡುಗ ಒಳ್ಳೇವ್ನು,” ಎಂದಳು ಹೊನ್ನಕ್ಕ ಕೊನೆಗೆ, ನಿಜವಾದ ಬೇಸರದಿಂದ. “ಬಸ್ಸಿಗೆ ಬಂದಿದ್ರೆ ಕಣ್ಮುಚ್ಚಿ ಕೊಡ್ತಿದ್ದೆ.”

ಓಬಳೇಶ ಗಂಗಾಂಬಿಕಾಳನ್ನು ನೋಡಿದ. ಗಂಗಾಂಬಿಕಾ ಗುಡ್ಡವನ್ನು ನೋಡಿದಳು.

ಇನ್ನು ಅಲ್ಲಿ ಕೂರುವಂತಿರಲಿಲ್ಲ, ಹೊರಡುವಂತೆಯೂ ಇರಲಿಲ್ಲ. ಓಬಳೇಶ ಬಾನೆಟ್ ಎತ್ತಿ, ಡಬ್ಬಿಯ ಮುಚ್ಚಳ ತೆಗೆದು, ಟವೆಲಿನಿಂದ ಕೆಂಪು ನೀರನ್ನು ಒರೆಸಿದ. ಕೀಲಿ ತಿರುಗಿಸಿದ. ಬೆಳಗಿನಿಂದ ಸುತ್ತಿ ಸುತ್ತಿ ಬ್ಯಾಟರಿಗೂ ಸಾಕಾಗಿತ್ತು. ಈಗ ಗರ ಗರ ಎನ್ನುವ ಸದ್ದೂ ಇಲ್ಲ, ಟಕ್ ಎಂದು ಸುಮ್ಮನಾಯಿತು. ಹಿಂದೆ ಟ್ರಾಕ್ಟರು, ಮುಂದೆ ಇಳಿಜಾರು. ಬೀದಿಯವರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಚಳ್ಳಕೆರೆಯಲ್ಲಾಗಿದ್ದರೆ ಇಷ್ಟರಲ್ಲಿ ನಲವತ್ತು ಜನ ಸೇರಿರುತ್ತಿದ್ದರು, ಇಲ್ಲಿ ಒಬ್ಬನೂ ಹತ್ತಿರ ಬರಲಿಲ್ಲ. ಈ ಬೀದಿಯವರಿಗೆ ಆ ಜೀಪಿನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಹೊನ್ನಕ್ಕ ಸೌಟನ್ನು ಕಿಟಕಿಯ ಮೇಲಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಎಡ ಮೂಲೆಗೆ ಹೋಗಿ, ತಗ್ಗಿನಲ್ಲಿ ಅಂಗೈ ಇಟ್ಟು, ಭುಜ ಕೊಟ್ಟಳು. ಸೌಂದರ್ಯಳೂ ದುಪಟ್ಟಾ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದು ಬಲ ಮೂಲೆಯಲ್ಲಿ ಕೈ ಇಟ್ಟಳು. ಕನ್ನಡಿಯಲ್ಲಿ ಅದು ಕಂಡು ಓಬಳೇಶನಿಗೆ ಒಂದು ಕ್ಷಣ ಆಸೆ ಚಿಗುರಿತು.

“ನೀನು ಮುಟ್ಟಬ್ಯಾಡ,” ಎಂದು ಹೊನ್ನಕ್ಕ ಅವಳ ಕೈ ತಳ್ಳಿದಳು. ಆಮೇಲೆ ಮುಂದಕ್ಕೆ ಕೂಗಿದಳು, “ಎರಡನೇ ಗೇರಲ್ಲಿಡಪ್ಪಾ. ನಾನು ಹೇಳ್ದಾಗ ಕ್ಲಚ್ ಬಿಡು. ಎದ್ದ ಮೇಲೆ ಎಲ್ಲೂ ನಿಲ್ಲಿಸಬ್ಯಾಡ.”

ಅವಳು ಹೇಳಿದಾಗ ಓಬಳೇಶ ಕ್ಲಚ್ ಬಿಟ್ಟ. ಜೀಪು ಒಮ್ಮೆ ಮುಗ್ಗರಿಸಿ, ಇಳಿಜಾರಿನಲ್ಲಿ ಹೂಂಕರಿಸಿ ಎದ್ದಿತು. ಇಷ್ಟು ಚೆನ್ನಾಗಿ ಅದು ಬೆಳಗಿನಿಂದ ಒಮ್ಮೆಯೂ ಎದ್ದಿರಲಿಲ್ಲ. ಹಿಂದಿನಿಂದ ಯಾರೋ ಕೂಗಿದಂತಾಯಿತು. ಅವನು ತಿರುಗಿ ನೋಡಲಿಲ್ಲ. ಕಣ್ಣು ಒರೆಸಿಕೊಂಡು ಊರು ದಾಟಿ ಹಾನಗಲ್ ರಸ್ತೆ ಹಿಡಿದ.

ಎಷ್ಟೋ ದೂರ ಬಂದ ಮೇಲೆ, ಅವ್ವ ಇಷ್ಟು ಹೊತ್ತು ಒಂದು ಮಾತೂ ಆಡದೆ ಇರುವುದು ಅವನಿಗೆ ವಿಚಿತ್ರವೆನಿಸಿತು. ಪಕ್ಕದ ಸೀಟು ಖಾಲಿ. ಹಿಂದಿನ ಸೀಟೂ ಖಾಲಿ. ಯರ್ರಮ್ಮನೂ ಗಂಗಾಂಬಿಕಾಳೂ ಬೋರಯ್ಯನ ಮನೆಯ ಜಗಲಿಯಲ್ಲೇ ಉಳಿದಿದ್ದರು. ಓಬಳೇಶನ ಕಾಲು ಬ್ರೇಕಿನ ಮೇಲೆ ಹೋಯಿತು, ಹಾಗೇ ವಾಪಸ್ಸು ಬಂತು. ಎರಡೂ ಕಡೆ ಬರೀ ಶೇಂಗಾ ಹೊಲ, ಬಿಸಿಲು. ನಿಲ್ಲಿಸಿದರೆ ತಳ್ಳಲು ಯಾರೂ ಇರಲಿಲ್ಲ.